ಹಡಗು, ಛಾವಣಿ, ದವಾಖಾನೆ

ಹುಮನಾಬಾದ್, ಬಸವಕಲ್ಯಾಣದ ಕಡೆಯ ಘಾಟಬೋರಾಳದಂಥ ಊರುಗಳಲ್ಲಿ ಆಸ್ಪತ್ರೆಗೆ ಇವತ್ತಿಗೂ ದವಾಖಾನಿ ಎಂದೇ ಹೆಸರು. ದವಾ ಅರಬ್ಬಿಯ ಮಾತು, ಖಾನಾ ಪಾರಸಿಯದು. ಎರಡೂ ಉರ್ದುವಿನ ಕೈಹಿಡಿದು ಬೀದರ್, ಕಲಬುರಗಿಗಳ ಕನ್ನಡಕ್ಕೆ ಬಂದವು. ಇಂಥದೇ ಇನ್ನೊಂದು ಮಾತು ಛಾವಣಿ. ಕನ್ನಡದಲ್ಲಿ ಛಾವಣಿ ಎಂದರೆ ಮನೆಯ ಮಾಡು. ಜೊತೆಗೆ ದಂಡು ಬೀಡುಬಿಟ್ಟ ಜಾಗ ಎಂಬ ಅರ್ಥವೂ ಅದಕ್ಕಿದೆ. ರಾಯಚೂರು ಜಿಲ್ಲೆಯ ಲಿಂಗಸುಗೂರಿಗೆ ಹೋದರೆ ಕಸಬಾ ಲಿಂಗಸುಗೂರು ಒಂದು ಕಡೆ, ಛಾವಣಿ ಇನ್ನೊಂದು ಕಡೆ. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆ ಅಲ್ಲಿ ತಂಗಿದ್ದರ ಗುರುತು ಆ ಹೆಸರಿನಲ್ಲಿ ಉಳಿದಿದೆ.

ಈ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟರೆ ಒಂದು ಪ್ರಶ್ನೆ ಏಳುತ್ತದೆ. ಪಾಶ್ಚಾತ್ಯ ವೈದ್ಯ ಪದ್ಧತಿ ನಮ್ಮ ನಾಡಿಗೆ ಬಂದದ್ದು ಬಹುಮಟ್ಟಿಗೆ ದಂಡಿನ ಜೊತೆಗೆ. ಅದನ್ನು ತಂದ ವೈದ್ಯ ಮೊದಲು ಹಡಗಿನಲ್ಲಿ ದುಡಿದ, ಆಮೇಲೆ ಛಾವಣಿಯಲ್ಲಿ, ಆಮೇಲೆ ಎಲ್ಲೋ ಊರಿನ ದವಾಖಾನೆಯಲ್ಲಿ. ತನ್ನ ಜಾಗವನ್ನು ಅವನು ತಾನಾಗಿ ಆರಿಸಿಕೊಂಡವನಲ್ಲ. ಹುಕುಂ ಬಂದ ಕಡೆ ಹೋದವನು. ಅವನ ಸಂಬಳ ಸಿಪಾಯಿಯ ದೇಹವನ್ನು ಕೆಲಸಕ್ಕೆ ಯೋಗ್ಯವಾಗಿ ಇಡುವುದಕ್ಕೆ. ಆದರೆ ರೋಗಕ್ಕೆ ಛಾವಣಿಯ ಗೋಡೆ ಗೊತ್ತಿಲ್ಲ. ಹುಕುಮಿಗೂ ರೋಗಕ್ಕೂ ನಡುವಿನ ಆ ಎಳೆದಾಟದಲ್ಲಿ ದಂಡಿನ ವೈದ್ಯ ಏನು ಕಂಡ, ಏನನ್ನು ಕಾಣದೆ ಹೋದ, ಆ ಮಾಡಿನ ಕೆಳಗೆ ಯಾರಿಗೆ ಜಾಗ ಸಿಕ್ಕಿತು ಎಂಬುದನ್ನು ನಮ್ಮ ನಾಡಿನ ಕೆಲವು ಉದಾಹರಣೆಗಳಿಂದ ನೋಡಬಹುದು.

ಹಡಗಿನಿಂದ ಆರಂಭಿಸೋಣ. ಹಾಯಿಹಡಗುಗಳ ಕಾಲದಲ್ಲಿ ಯೂರೋಪಿನಿಂದ ಭಾರತಕ್ಕೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಯುದ್ಧನೌಕೆಯಲ್ಲಿ ಶಸ್ತ್ರವೈದ್ಯನ ಜಾಗ ನೀರಿನ ಮಟ್ಟಕ್ಕಿಂತ ಕೆಳಗಿನ ಅಟ್ಟದಲ್ಲಿ. ಗುಂಡು ತಾಗುವ ಭಯ ಅಲ್ಲಿ ಕಡಿಮೆ; ಗಾಳಿ ಬೆಳಕೂ ಅಷ್ಟೇ ಕಡಿಮೆ. ಕಂದೀಲಿನ ಬೆಳಕಿನಲ್ಲಿ ಕೈಕಾಲು ಕತ್ತರಿಸುವ ಕೆಲಸ ನಡೆಯುತ್ತಿತ್ತು. ಆದರೆ ನಾವಿಕರನ್ನು ಗುಂಡಿಗಿಂತ ಹೆಚ್ಚಾಗಿ ಕೊಂದದ್ದು ರೋಗ. ಅದರಲ್ಲೂ ಸ್ಕರ್ವಿ: ವಸಡು ಕೊಳೆತು, ಹಳೆಯ ಗಾಯಗಳು ಮತ್ತೆ ಬಾಯಿಬಿಟ್ಟು ಸಾಯುವ ರೋಗ. 1747ರಲ್ಲಿ ಸಾಲಿಸ್‌ಬರಿ ಎಂಬ ಬ್ರಿಟಿಷ್ ಯುದ್ಧನೌಕೆಯ ವೈದ್ಯ ಜೇಮ್ಸ್ ಲಿಂಡ್ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ನಿಂತರು. ಎಲ್ಲರೂ ಒಂದೇ ಊಟ ಉಣ್ಣುವ, ಒಂದೇ ಗಾಳಿ ಕುಡಿಯುವ, ಯಾರೂ ಹೊರಗೆ ಹೋಗಲಾಗದ ಹಡಗು ಇಂಥ ಹೋಲಿಕೆಗೆ ಹೇಳಿಮಾಡಿಸಿದ ಜಾಗವಾಗಿತ್ತು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡುವ ನಿಯಮ ಮಾಡಿದ್ದು 1795ರಲ್ಲಿ. ವೈದ್ಯ ಕಂಡದ್ದಕ್ಕೂ ಹುಕುಂ ಆಗುವುದಕ್ಕೂ ನಡುವೆ ಸುಮಾರು ಅರ್ಧ ಶತಮಾನ ಕಳೆಯಿತು. ಇಂಥ ವಿಳಂಬವನ್ನು ಮುಂದೆಯೂ ಕಾಣುತ್ತೇವೆ.

ಹಡಗಿನಲ್ಲಿ ಪಳಗಿದ ಇಂಥ ವೈದ್ಯರಲ್ಲಿ ಒಬ್ಬನನ್ನು ಕನ್ನಡ ಇತಿಹಾಸದ ಓದುಗರು ಚೆನ್ನಾಗಿ ಬಲ್ಲರು. ಫ್ರಾನ್ಸಿಸ್ ಬುಕಾನನ್ ಎಡಿನ್‌ಬರೋದಲ್ಲಿ ವೈದ್ಯ ಓದಿ, ಏಷ್ಯಾಕ್ಕೆ ಬರುವ ವ್ಯಾಪಾರಿ ಹಡಗುಗಳಲ್ಲಿ ವೈದ್ಯನಾಗಿ ಕೆಲಸ ಮಾಡಿದವನು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆ ಎಂಥದು ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಬುಕಾನನ್ ಮೈಸೂರು ಸೀಮೆ, ಮಲಬಾರ್, ಕೆನರಾ ಸುತ್ತಿ 1801ರ ಜುಲೈನಲ್ಲಿ ಹಿಂತಿರುಗಿದ. 1807ರಲ್ಲಿ ಅವನ ಪ್ರವಾಸದ ದಾಖಲೆ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

ಆ ಪುಸ್ತಕವನ್ನು ನಾವು ಬೇಸಾಯ, ಜಾತಿ, ಕಸುಬುಗಳ ಮಾಹಿತಿಗಾಗಿ ಓದುತ್ತೇವೆ. ಬರೆದವನು ವೈದ್ಯ ಎಂಬುದನ್ನು ಮರೆಯುತ್ತೇವೆ. ಆದರೆ ವೈದ್ಯನ ಅಭ್ಯಾಸ ಅದರಲ್ಲಿ ಎದ್ದು ಕಾಣುತ್ತದೆ. ರೋಗಿಯನ್ನು ಕೇಳುವ ಹಾಗೆಯೇ ಅವನು ಊರನ್ನು ಕೇಳುತ್ತಾನೆ: ಏನು ಬಿತ್ತುತ್ತೀರಿ, ಏನು ಉಣ್ಣುತ್ತೀರಿ, ನೀರು ಎಲ್ಲಿಂದ ಬರುತ್ತದೆ, ಯಾವ ಗಿಡ ಯಾವುದಕ್ಕೆ ಬಳಕೆ. ಒಂದು ವ್ಯತ್ಯಾಸ ಮಾತ್ರ ಇದೆ. ರೋಗಿಯನ್ನು ಕೇಳುವುದು ರೋಗಿಗಾಗಿ. ಈ ಊರುಗಳನ್ನು ಕೇಳಿದ್ದು ಕಂಪನಿಗಾಗಿ. ಹಡಗಿನಿಂದ ನೆಲಕ್ಕೆ ಇಳಿದ ವೈದ್ಯನ ಕಣ್ಣು ನಾಡನ್ನು ಬಹಳ ಚೆನ್ನಾಗಿ ಕಂಡಿತು. ಕಂಡದ್ದು ಯಾರ ಉಪಯೋಗಕ್ಕೆ ಹೋಗಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು.

ಬುಕಾನನ್ ಪ್ರವಾಸದಿಂದ ಹಿಂತಿರುಗಿದ ಮರುವರ್ಷವೇ ಸಮುದ್ರ ಮತ್ತು ನೆಲ ಎರಡನ್ನೂ ದಾಟಿದ ಒಂದು ಮದ್ದು ಭಾರತಕ್ಕೆ ಬಂತು. ಎಡ್ವರ್ಡ್ ಜೆನ್ನರ್ ಸಿಡುಬಿಗೆ ದನದ ಸಿಡುಬಿನ ಲಸಿಕೆಯನ್ನು ಪ್ರಕಟಿಸಿದ್ದು 1798ರಲ್ಲಿ. ಅದನ್ನು ಹಡಗಿನಲ್ಲಿ ಕಳಿಸುವ ಪ್ರಯತ್ನಗಳು ಸೋತವು, ಏಕೆಂದರೆ ದೀರ್ಘ ಪ್ರಯಾಣದ ಬಿಸಿಲಿಗೆ ಲಸಿಕೆಯ ರಸ ಸತ್ತುಹೋಗುತ್ತಿತ್ತು. ಕೊನೆಗೆ ವಿಯೆನ್ನಾ, ಇಸ್ತಾಂಬುಲ್, ಬಾಗ್ದಾದ್ ಮೂಲಕ ಬಸ್ರಾಕ್ಕೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಅದು ತಲುಪಿತು. 1802ರ ಜೂನ್ 14ರಂದು ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಲಸಿಕೆ ನಾಟಿತು. ಶೀತಪೆಟ್ಟಿಗೆ ಇಲ್ಲದ ಆ ಕಾಲದಲ್ಲಿ ಲಸಿಕೆ ಬದುಕಿ ಉಳಿಯುತ್ತಿದ್ದುದು ಮನುಷ್ಯರ ಮೈಯಲ್ಲಿ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ. ಹೀಗೆ ತೋಳಿನಿಂದ ತೋಳಿಗೆ ಅದು ದೇಶವನ್ನೆಲ್ಲ ಸುತ್ತಿತು. ಈ ಸರಪಣಿಯನ್ನು ಕಾಯ್ದವರಲ್ಲಿ ಹೆಚ್ಚಿನವರು ಕಂಪನಿಯ ದಂಡಿನ ವೈದ್ಯರು. ಸರಪಣಿಯ ಕೊಂಡಿಗಳಾದವರು ಮಕ್ಕಳು, ಅದರಲ್ಲೂ ಬಡವರ ಮಕ್ಕಳು.

ಮೈಸೂರಿನಲ್ಲಿ ಇದಕ್ಕೊಂದು ಕುತೂಹಲದ ಕುರುಹು ಇದೆ. 1805ರ ಸುಮಾರಿಗೆ ತಾಮಸ್ ಹಿಕಿ ಎಂಬ ಕಲಾವಿದ ಬರೆದ ಚಿತ್ರವೊಂದರಲ್ಲಿ ಮೈಸೂರು ಅರಮನೆಯ ಮೂವರು ಮಹಿಳೆಯರಿದ್ದಾರೆ. ಅವರಲ್ಲೊಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರಿಸುವಂತೆ ನಿಂತಿದ್ದಾಳೆ. ಲಸಿಕೆಗೆ ಜನರನ್ನು ಒಪ್ಪಿಸಲೆಂದು ಬರೆಸಿದ ಚಿತ್ರ ಇದು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಆ ವಾದವನ್ನು ಒಪ್ಪುವುದಾದರೆ, ದಂಡಿನ ವೈದ್ಯನ ಮಾತನ್ನು ಊರಿನ ಜನ ನಂಬಲು ಅರಮನೆಯ ಹೆಣ್ಣುಮಕ್ಕಳು ಮುಂದೆ ನಿಲ್ಲಬೇಕಾಯಿತು. ಬಂದೂಕು ಹಿಡಿದವರ ಜೊತೆಗೆ ಬಂದ ಮದ್ದನ್ನು ಜನ ಸುಮ್ಮನೆ ನಂಬುವುದಿಲ್ಲ. ನಂಬದಿರುವುದಕ್ಕೆ ಅವರಿಗೆ ಕಾರಣವೂ ಇತ್ತು.

ಇಷ್ಟರಲ್ಲಿ ದಂಡು ನೆಲದಲ್ಲಿ ಬೇರೂರತೊಡಗಿತ್ತು. 1806ರಲ್ಲಿ ಹೈದರಾಬಾದಿನ ಪಕ್ಕ ಸಿಕಂದರಾಬಾದ್ ಛಾವಣಿ ಹುಟ್ಟಿತು. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ನೆಲೆಗೊಂಡಿತು. ಬೆಂಗಳೂರನ್ನು ಆರಿಸಿಕೊಂಡ ಕಾರಣದಲ್ಲೇ ವೈದ್ಯಕೀಯದ ಪಾಠವಿದೆ: ಶ್ರೀರಂಗಪಟ್ಟಣದಲ್ಲಿದ್ದ ದಂಡು ಕಾವೇರಿ ದಂಡೆಯ ಜ್ವರಕ್ಕೆ ತತ್ತರಿಸಿತು, ಆದ್ದರಿಂದ ಎತ್ತರದ, ಒಣಹವೆಯ ಬೆಂಗಳೂರಿಗೆ ಅದನ್ನು ತಂದರು. ಜ್ವರಕ್ಕೆ ಕೆಟ್ಟ ಗಾಳಿ ಕಾರಣ ಎಂದು ಆಗಿನ ವೈದ್ಯರು ನಂಬಿದ್ದರು. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ಗಾಳಿ ಕೆಟ್ಟರೆ ಸಿಪಾಯಿಗಳನ್ನು ಬೇರೆ ಕಡೆ ಕರೆದೊಯ್ಯಬಹುದು. ಶ್ರೀರಂಗಪಟ್ಟಣದ ಜನ ಎಲ್ಲಿಗೆ ಹೋಗಬೇಕು? ಅವರು ಅಲ್ಲೇ ಉಳಿದರು, ಜ್ವರವೂ ಉಳಿಯಿತು.

1857ರ ದಂಗೆಯ ನಂತರ ಬ್ರಿಟನ್ನಿನಿಂದ ಹೆಚ್ಚು ಸೈನಿಕರು ಬಂದಾಗ ಲೆಕ್ಕ ಹಾಕುವ ಪ್ರಸಂಗ ಬಂತು. ಭಾರತದಲ್ಲಿನ ಸೇನೆಯ ಆರೋಗ್ಯವನ್ನು ಪರಿಶೀಲಿಸಲು 1859ರಲ್ಲಿ ನೇಮಕವಾದ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟಿತು. ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು, ಅದೂ ಬಹುಪಾಲು ಯುದ್ಧದಿಂದಲ್ಲ. ಜ್ವರ, ಭೇದಿ, ಕಾಲರಾಗಳಿಂದ. ಆ ಅಂಕಿಗಳ ಹಿಂದೆ ನಿಂತು ಒತ್ತಾಯ ಹೇರಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಮುಖ್ಯಳು. ಭಾರತಕ್ಕೆ ಒಮ್ಮೆಯೂ ಬಾರದ ಅವಳು ಛಾವಣಿಯ ಗೋಡೆಯೊಳಗೆ ಮಾತ್ರ ನೈರ್ಮಲ್ಯ ತಂದರೆ ಸಾಲದು, ಸುತ್ತಲಿನ ಊರಿನ ನೀರು, ಚರಂಡಿ ಸರಿಯಾಗಬೇಕು ಎಂದು ವರ್ಷಗಟ್ಟಲೆ ಬರೆದಳು. 1864ರಲ್ಲಿ ಛಾವಣಿಗಳಿಗೆ ಕಾಯ್ದೆ ಬಂತು. ಖರ್ಚು ಮೊದಲು ಆದದ್ದು ಗೋಡೆಯೊಳಗೆ. ಇಂದಿಗೂ ನಮ್ಮ ಅನೇಕ ನಗರಗಳಲ್ಲಿ ಅಗಲ ರಸ್ತೆ, ಸಾಲುಮರ, ಒಳ್ಳೆಯ ಚರಂಡಿ ಇರುವ ಭಾಗ ಯಾವುದೆಂದು ನೋಡಿದರೆ ಆ ಗೋಡೆ ಎಲ್ಲಿತ್ತೆಂದು ತಿಳಿಯುತ್ತದೆ.

ಛಾವಣಿಯ ಆಸ್ಪತ್ರೆಗಳಲ್ಲಿ ಬಹುಕಾಲ ತರಬೇತಿ ಪಡೆದ ದಾದಿಯರು ಇರಲಿಲ್ಲ. 1888ರ ಮಾರ್ಚ್‌ನಲ್ಲಿ ಹತ್ತು ಮಂದಿ ದಾದಿಯರು ಇಂಗ್ಲೆಂಡಿನಿಂದ ಹಡಗಿನಲ್ಲಿ ಮುಂಬಯಿಗೆ ಬಂದಿಳಿದರು. ಒಂದು ತಂಡ ರಾವಲ್ಪಿಂಡಿಗೆ ಹೋಯಿತು, ಇನ್ನೊಂದು ಬೆಂಗಳೂರಿಗೆ. ಇಂದಿನ ಸೈನಿಕ ದಾದಿಯರ ಸೇವೆಯ ಮೂಲ ಅಲ್ಲಿದೆ. ಬೆಂಗಳೂರು ಹೀಗೆ ಆ ಚರಿತ್ರೆಯ ಮೊದಲ ಪುಟದಲ್ಲೇ ಇದೆ.

ಇಂಡಿಯನ್ ಮೆಡಿಕಲ್ ಸರ್ವಿಸ್, ಅಂದರೆ ಐಎಂಎಸ್, ಎಂಬ ಸೇವೆಯ ಸ್ವರೂಪವನ್ನು ಇಲ್ಲಿ ತಿಳಿದುಕೊಳ್ಳಬೇಕು. ಅದರ ಅಧಿಕಾರಿಗಳು ಮೊದಲು ಸೈನಿಕರು, ಆಮೇಲೆ ವೈದ್ಯರು. ಶಾಂತಿಯ ಕಾಲದಲ್ಲಿ ಅವರನ್ನು ಜಿಲ್ಲಾ ಆಸ್ಪತ್ರೆ, ಜೈಲು, ವೈದ್ಯ ಶಾಲೆಗಳಿಗೆ ಕಳಿಸುತ್ತಿದ್ದರು. ಯುದ್ಧ ಬಂದರೆ ವಾಪಸು ಕರೆಯುತ್ತಿದ್ದರು. 1855ರಲ್ಲಿ ಅದರ ನೇಮಕಕ್ಕೆ ಸ್ಪರ್ಧಾ ಪರೀಕ್ಷೆ ಬಂದ ಮೇಲೆ ಭಾರತೀಯರಿಗೂ ಬಾಗಿಲು ತೆರೆಯಿತು, ಆದರೆ ಬಹಳ ಕಿರಿದಾಗಿ. ದಿನನಿತ್ಯದ ಕೆಲಸ ಹೊತ್ತವರು ಹಾಸ್ಪಿಟಲ್ ಅಸಿಸ್ಟೆಂಟ್ ಎಂದು ಕರೆಸಿಕೊಂಡ ಭಾರತೀಯ ಸಹಾಯಕರು, ಗಾಯ ಕಟ್ಟುವವರು, ಡೋಲಿ ಹೊರುವವರು. ಅವರ ಹೆಸರುಗಳು ಪಟ್ಟಿಗಳಲ್ಲಿವೆ. ಚರಿತ್ರೆಯ ಪುಸ್ತಕಗಳಲ್ಲಿ ಅಪರೂಪ.

ಈಗ ಹಡಗು, ಬೆಂಗಳೂರು, ಸಿಕಂದರಾಬಾದ್ ಮೂರನ್ನೂ ಒಂದೇ ಬದುಕಿನಲ್ಲಿ ಕಂಡ ವೈದ್ಯನ ಕಡೆಗೆ ಬರೋಣ. ರೊನಾಲ್ಡ್ ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಲಂಡನ್ನಿನಲ್ಲಿ ವೈದ್ಯ ಓದಿ, ಮೊದಲು ಅಟ್ಲಾಂಟಿಕ್ ದಾಟುವ ಹಡಗಿನಲ್ಲಿ ವೈದ್ಯನಾಗಿದ್ದು, 1881ರಲ್ಲಿ ಐಎಂಎಸ್ ಸೇರಿದ. 1883ರಲ್ಲಿ ಬೆಂಗಳೂರಿನ ದಂಡಿನ ಹಂಗಾಮಿ ವೈದ್ಯನಾಗಿ ಬಂದ. ಅವನಿಗೆ ಕೊಟ್ಟ ಬಂಗಲೆಯಲ್ಲಿ ಸೊಳ್ಳೆಯ ಕಾಟ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವು ಮರಿ ಮಾಡುತ್ತಿರುವುದನ್ನು ಕಂಡು ತೊಟ್ಟಿಯನ್ನು ಮಗುಚಿಹಾಕಿದ, ಕಾಟ ಕಡಿಮೆಯಾಯಿತು. ಊಟದ ಮನೆಯ ಸುತ್ತಲಿನ ತೊಟ್ಟಿ, ಹೂದಾನಿಗಳನ್ನೂ ಹೀಗೆಯೇ ಖಾಲಿ ಮಾಡಿಸಬಹುದಲ್ಲ ಎಂದು ಅಧಿಕಾರಿಯೊಬ್ಬನಿಗೆ ಹೇಳಿದರೆ, ಸೃಷ್ಟಿಯ ಕ್ರಮವನ್ನು ಕೆಡಿಸುವುದು ಸರಿಯಲ್ಲ ಎಂಬ ಅರ್ಥದ ಉತ್ತರ ಬಂತೆಂದು ರಾಸ್ ಮುಂದೆ ನೆನಪಿಸಿಕೊಂಡಿದ್ದಾನೆ. ಸೊಳ್ಳೆಗೂ ಮಲೇರಿಯಾಕ್ಕೂ ನಂಟು ಇದೆಯೆಂದು ಆಗ ಅವನಿಗೂ ಗೊತ್ತಿರಲಿಲ್ಲ. ಮುಂದೆ ಜಗತ್ತು ಬಳಸಿದ ಉಪಾಯ ಮಾತ್ರ ಬೆಂಗಳೂರಿನ ತೊಟ್ಟಿಯಲ್ಲಿ ಅವನ ಕೈಗೆ ಸಿಕ್ಕಿತ್ತು.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ ಅವನಿಗೆ ಸೂಕ್ಷ್ಮದರ್ಶಕದಲ್ಲಿ ಮಲೇರಿಯಾದ ಪರೋಪಜೀವಿಯನ್ನು ತೋರಿಸಿದ. ಫ್ರೆಂಚ್ ಸೇನೆಯ ವೈದ್ಯ ಲಾವೆರಾನ್ ಅದನ್ನು 1880ರಲ್ಲಿ ಅಲ್ಜೀರಿಯಾದಲ್ಲಿ ಕಂಡಿದ್ದ. ಅದು ಸೊಳ್ಳೆಯೊಳಗೆ ಬೆಳೆಯಬಹುದು ಎಂಬುದು ಮ್ಯಾನ್ಸನ್‌ನ ಊಹೆ. 1895ರ ಮಾರ್ಚ್‌ನಲ್ಲಿ ರಾಸ್ ಭಾರತಕ್ಕೆ ಹಡಗು ಹತ್ತಿದ. ಮುಂಬಯಿಗೆ ಇಳಿದವನು ಸಾಮಾನು ಸುಂಕದ ಕಟ್ಟೆಯಿಂದ ಹೊರಬರುವ ಮೊದಲೇ ಆಸ್ಪತ್ರೆಗೆ ಹೋಗಿ ಮಲೇರಿಯಾ ರೋಗಿಗಳನ್ನು ಹುಡುಕಿದ. ಅಲ್ಲಿಂದ ಅವನ ರೆಜಿಮೆಂಟು ಇದ್ದ ಸಿಕಂದರಾಬಾದಿಗೆ. ಆಗಿನ ರೈಲು ದಾರಿ ಸೊಲ್ಲಾಪುರ, ಕಲಬುರಗಿ, ವಾಡಿಗಳ ಮೂಲಕ ಹೋಗುತ್ತಿತ್ತು.

ಕೆಲಸ ಸ್ವಲ್ಪ ಸಾಗುವಷ್ಟರಲ್ಲಿ ಹುಕುಂ ಬಂತು. ಬೆಂಗಳೂರಿನಲ್ಲಿ ಕಾಲರಾ, ಅಲ್ಲಿಗೆ ಹೋಗಬೇಕು. 1895ರ ಸೆಪ್ಟೆಂಬರಿನಿಂದ ಬಹುಕಾಲ ಅವನ ಕೆಲಸ ಬೆಂಗಳೂರಿನ ನೀರು, ಚರಂಡಿ, ಬಾವಿಗಳದ್ದಾಯಿತು. ಮಲೇರಿಯಾ ಅಲ್ಲಿ ಹೆಚ್ಚು ಸಿಗುತ್ತಿರಲಿಲ್ಲ. ತನ್ನ ಸಂಶೋಧನೆ ನಿಂತಿತೆಂದು ಅವನು ಕೊರಗಿದ. ಬೆಂಗಳೂರಿನ ಜನರ ಕಡೆಯಿಂದ ನೋಡಿದರೆ, ಊರಿನ ಬಾವಿಗಳ ಬಳಿಗೆ ಹೋಗಿ ನಿಂತ ಆ ವೈದ್ಯ ವ್ಯರ್ಥ ಕಾಲ ಕಳೆಯಲಿಲ್ಲ. ಕಾಲರಾ ಛಾವಣಿಗೂ ಪೇಟೆಗೂ ನಡುವೆ ಗಡಿ ಇಟ್ಟುಕೊಂಡ ರೋಗವಲ್ಲ. ಅದನ್ನು ತಡೆಯಬೇಕಾದರೆ ದಂಡಿನ ವೈದ್ಯ ಪೇಟೆಗೆ ಹೋಗಲೇಬೇಕು.

1897ರ ಬೇಸಿಗೆಯ ಕೊನೆಗೆ ಅವನು ಮತ್ತೆ ಸಿಕಂದರಾಬಾದಿನಲ್ಲಿದ್ದ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಪರದೆಯೊಳಗೆ ಮಲಗಿಸಿ, ಮರಿಹುಳುಗಳಿಂದ ಬೆಳೆಸಿದ ಸೊಳ್ಳೆಗಳಿಂದ ಕಚ್ಚಿಸಿದ. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದು ಆಣೆ ಕೂಲಿ. ಆಮೇಲೆ ದಿನಕ್ಕೊಂದರಂತೆ ಸೊಳ್ಳೆಯನ್ನು ಕೊಯ್ದು ನೋಡುವ ಕೆಲಸ. ಆಗಸ್ಟಿನ ಸೆಖೆ, ಪಂಖಾ ಬೀಸಿದರೆ ಕೊಯ್ದ ಸೊಳ್ಳೆ ಹಾರಿಹೋಗುತ್ತದೆ, ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪು ತುಕ್ಕು ಹಿಡಿದಿತ್ತು. 1897ರ ಆಗಸ್ಟ್ 20ರಂದು ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿ ಬೆಳೆಯುತ್ತಿರುವುದು ಕಂಡಿತು. ಕೆಟ್ಟ ಗಾಳಿಯ ಸಿದ್ಧಾಂತ ಅಲ್ಲಿಗೆ ಮುಗಿಯತೊಡಗಿತು. ಇಂದು ಜಗತ್ತು ಆಗಸ್ಟ್ 20ನ್ನು ಸೊಳ್ಳೆ ದಿನ ಎಂದು ಗುರುತಿಸುತ್ತದೆ. ಘಾಟಬೋರಾಳದಿಂದ ಪೂರ್ವಕ್ಕೆ, ಹುಮನಾಬಾದಿನ ಹೆದ್ದಾರಿ ಹಿಡಿದರೆ ಕೆಲವೇ ಗಂಟೆಗಳ ದಾರಿಯಲ್ಲಿ ಇದು ನಡೆಯಿತು.

ಮರುತಿಂಗಳೇ ಮತ್ತೆ ಹುಕುಂ. ರಾಸ್‌ನನ್ನು ರಜಪುತಾನದ ಖೇರ್ವಾಡಾಕ್ಕೆ ಕಳಿಸಿದರು. ಅಲ್ಲಿ ಮಲೇರಿಯಾ ಸಿಗುತ್ತಲೇ ಇರಲಿಲ್ಲ. ಮ್ಯಾನ್ಸನ್‌ನ ಒತ್ತಾಯದಿಂದ 1898ರಲ್ಲಿ ಕಲ್ಕತ್ತಾಕ್ಕೆ ಬಂದು, ಹಕ್ಕಿಗಳ ಮಲೇರಿಯಾವನ್ನು ಹಿಡಿದು, ಪರೋಪಜೀವಿ ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಹೋಗಿ ಕಡಿತದ ಮೂಲಕ ಹರಡುವುದನ್ನು ತೋರಿಸಿದ. ಅಲ್ಲಿ ಅವನ ಜೊತೆ ದುಡಿದ ಸಹಾಯಕ ಮಹಮದ್ ಬಕ್ಷ್. ಅದೇ ವರ್ಷ ಇಟಲಿಯಲ್ಲಿ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಸೊಳ್ಳೆ ಹರಡುವುದನ್ನು ಖಚಿತಪಡಿಸಿದರು. ಯಾರು ಮೊದಲು ಎಂಬ ಜಗಳ ಬಹುಕಾಲ ನಡೆಯಿತು. 1902ರ ನೊಬೆಲ್ ರಾಸ್‌ಗೆ ಬಂತು. ಹುಸೇನ್ ಖಾನನಿಗೆ ಬಂದದ್ದು ಆಣೆಗಳು. ಇದನ್ನು ರಾಸ್‌ನ ಮೇಲಿನ ದೂರಾಗಿ ಹೇಳುತ್ತಿಲ್ಲ. ಹಣ ಕೊಟ್ಟದ್ದನ್ನು ಬರೆದಿಟ್ಟವನು ಅವನೇ, ಆದ್ದರಿಂದಲೇ ಆ ಹೆಸರು ನಮಗೆ ಉಳಿದಿದೆ. ಒಂದು ಶೋಧ ಎಷ್ಟು ಜನರ ಮೈಮೇಲೆ ನಿಂತಿರುತ್ತದೆ ಎಂದು ಲೆಕ್ಕ ಹಾಕುವಾಗ ಆ ಆಣೆಗಳನ್ನೂ ಎಣಿಸಬೇಕು.

ಅದೇ ಕಾಲದಲ್ಲಿ, ಅದೇ ಅವಳಿ ನಗರದಲ್ಲಿ ಇನ್ನೊಬ್ಬ ಐಎಂಎಸ್ ವೈದ್ಯ ರಾಸ್‌ಗಿಂತ ಹೆಚ್ಚು ಪ್ರಸಿದ್ಧನಾಗಿದ್ದ. ಎಡ್ವರ್ಡ್ ಲಾರಿ ಹೈದರಾಬಾದಿನ ರೆಸಿಡೆನ್ಸಿಯ ವೈದ್ಯ. ಜೊತೆಗೆ ಹೈದರಾಬಾದ್ ವೈದ್ಯ ಶಾಲೆಯ ಮುಖ್ಯಸ್ಥ. ಈ ಶಾಲೆ 1846ರಲ್ಲಿ ಆರಂಭವಾಗಿ, ದಶಕಗಳ ಕಾಲ ಪಾಶ್ಚಾತ್ಯ ವೈದ್ಯವನ್ನು ಉರ್ದುವಿನಲ್ಲೇ ಕಲಿಸಿದ್ದು ವಿಶೇಷ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರ್ ಸೀಮೆಗೆ ಹೊಸ ದವಾಖಾನೆಯ ದಾರಿ ಈ ರಾಜಧಾನಿಯಿಂದಲೇ ಬರಬೇಕಿತ್ತು. ಆಗ ಶಸ್ತ್ರಚಿಕಿತ್ಸೆಗೆ ಕ್ಲೋರೋಫಾರ್ಮ್ ಕೊಟ್ಟು ಪ್ರಜ್ಞೆ ತಪ್ಪಿಸುತ್ತಿದ್ದರು; ಕೆಲವರು ಮೇಜಿನ ಮೇಲೆಯೇ ಸಾಯುತ್ತಿದ್ದರು. ಸಾವು ಉಸಿರು ನಿಲ್ಲುವುದರಿಂದಲೋ ಹೃದಯ ನಿಲ್ಲುವುದರಿಂದಲೋ ಎಂಬುದು ವಾದ. ಉಸಿರನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಅಪಾಯವಿಲ್ಲ ಎಂಬುದು ಲಾರಿಯ ನಂಬಿಕೆ. ನಿಜಾಮ ಮಹಬೂಬ್ ಅಲಿ ಖಾನರ ಹಣದಿಂದ 1888ರಲ್ಲಿ, ಮತ್ತೆ 1889ರಲ್ಲಿ ಎರಡು ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್‌ಗಳು ನಾಯಿ, ಕೋತಿಗಳ ಮೇಲೆ ನೂರಾರು ಪ್ರಯೋಗ ಮಾಡಿ ಅವನ ಮಾತನ್ನೇ ಎತ್ತಿಹಿಡಿದವು. ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ತಜ್ಞ ಎರಡನೆಯದರಲ್ಲಿ ಪಾಲ್ಗೊಂಡಿದ್ದ. ಆದರೆ 1911ರ ಸುಮಾರಿಗೆ ಲೆವಿ ಎಂಬ ಸಂಶೋಧಕ, ಕ್ಲೋರೋಫಾರ್ಮ್ ಹೃದಯದ ಲಯವನ್ನೇ ಕೆಡಿಸಿ ಕೊಲ್ಲಬಲ್ಲದು ಎಂದು ತೋರಿಸಿದ. ಲಾರಿಯ ತೀರ್ಮಾನ ಬಿದ್ದುಹೋಯಿತು.

ರಕ್ತದಲ್ಲಿ ಲಾವೆರಾನ್ ಕಂಡದ್ದು ಪರೋಪಜೀವಿಯೇ ಅಲ್ಲ ಎಂದು ವಾದಿಸಿದವರಲ್ಲೂ ಲಾರಿ ಇದ್ದ. ಅಧಿಕಾರ, ಹಣ, ಪ್ರಯೋಗಶಾಲೆ ಎಲ್ಲ ಅವನ ಕೈಯಲ್ಲಿದ್ದವು. ರಾಸ್‌ನ ಬಳಿ ತುಕ್ಕು ಹಿಡಿದ ಸೂಕ್ಷ್ಮದರ್ಶಕ ಮತ್ತು ಯಾವಾಗ ಬೇಕಾದರೂ ಬರಬಹುದಾದ ವರ್ಗಾವಣೆಯ ಹುಕುಂ ಇದ್ದವು. ಹಾಗೆಂದು ಲಾರಿಯನ್ನು ತಳ್ಳಿಹಾಕುವಂತಿಲ್ಲ. ಅವನ ಕಾಲದಲ್ಲಿ ಹೈದರಾಬಾದ್ ವೈದ್ಯ ಶಾಲೆಗೆ ಹೆಣ್ಣುಮಕ್ಕಳು ಸೇರಿದರು. ಅಲ್ಲಿ ಕಲಿತು ಕ್ಲೋರೋಫಾರ್ಮ್ ಕೊಡುವ ಕೆಲಸದಲ್ಲಿ ನುರಿತ ರೂಪಾ ಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರೆಂದು ಇಂದು ಹೆಸರಾಗಿದ್ದಾರೆ. ಸಿದ್ಧಾಂತ ಬಿದ್ದರೂ ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ.

ಛಾವಣಿಯ ದಿನಗಳಲ್ಲಿ ಹುಕುಂ ವೈದ್ಯನನ್ನು ಅಲೆದಾಡಿಸುತ್ತದೆ ಅಷ್ಟೆ. ಯುದ್ಧದಲ್ಲಿ ಅದು ಅವನ ಬಾಯನ್ನೂ ಮುಚ್ಚಿಸಬಹುದು. ಮೊದಲ ಮಹಾಯುದ್ಧದಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳು ಇಂದಿನ ಇರಾಕ್ ಆದ ಮೆಸಪೊಟೇಮಿಯಾಕ್ಕೆ ಹೋದವು. ಮೈಸೂರು ಮತ್ತು ಹೈದರಾಬಾದಿನ ಲ್ಯಾನ್ಸರ್‌ಗಳು ಈಜಿಪ್ಟ್, ಪ್ಯಾಲೆಸ್ಟೈನಿಗೆ ಹೋದರು. ಎಲ್ಲರೂ ಹೋದದ್ದು ಹಡಗಿನಲ್ಲಿ, ಗಾಯಗೊಂಡವರು ಬರಬೇಕಾದದ್ದೂ ಹಡಗಿನಲ್ಲಿ. ಗಾಯಾಳುಗಳನ್ನು ಕಾಪಾಡುವ 1864ರ ಜಿನೀವಾ ಒಪ್ಪಂದ ನೆಲದ ಯುದ್ಧಕ್ಕೆ ಮಾತ್ರ ಅನ್ವಯಿಸುತ್ತಿತ್ತು. 1899ರಲ್ಲಿ ಹೇಗ್ ಸಮ್ಮೇಳನ ಅದನ್ನು ಸಮುದ್ರಕ್ಕೂ ವಿಸ್ತರಿಸಿತು. ಸೇನೆಯ ಆಸ್ಪತ್ರೆ ಹಡಗಿಗೆ ಬಿಳಿ ಬಣ್ಣ ಬಳಿದು ಹಸಿರು ಪಟ್ಟಿ ಎಳೆಯಬೇಕು, ಅದರ ಮೇಲೆ ಯಾರೂ ಗುಂಡು ಹಾರಿಸಬಾರದು. ನಿಯಮ ನೆಲಕ್ಕೂ ಇತ್ತು, ಸಮುದ್ರಕ್ಕೂ ಇತ್ತು. ಸಾವಿರಾರು ಜನ ನರಳಿದ್ದು ಎರಡರ ನಡುವಿನ ನದಿಯಲ್ಲಿ.

1915ರ ನವೆಂಬರಿನಲ್ಲಿ ಬಾಗ್ದಾದಿನ ಹತ್ತಿರದ ಟೆಸಿಫೋನ್ ಯುದ್ಧದಲ್ಲಿ ಬ್ರಿಟಿಷ್ ಭಾರತದ ಸೇನೆಯ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು. ಗಾಡಿಗಳಿಲ್ಲ, ನದಿಯ ಆಸ್ಪತ್ರೆ ದೋಣಿಗಳಿಲ್ಲ. ಬಸ್ರಾ ಬಂದರಿನಲ್ಲಿ ವರೇಲಾ ಎಂಬ ಆಸ್ಪತ್ರೆ ಹಡಗಿನ ಉಸ್ತುವಾರಿಯಲ್ಲಿದ್ದ ಐಎಂಎಸ್ ವೈದ್ಯ ಮೇಜರ್ ಮಾರ್ಕಮ್ ಕಾರ್ಟರ್ ಟೈಗ್ರಿಸ್ ನದಿಯಲ್ಲಿ ಮೆಜಿದಿಯೆ ಎಂಬ ದೋಣಿ ಬರುವುದನ್ನು ಕಂಡ. ಅದರ ಬದಿಗಳಿಂದ ಹಗ್ಗಗಳು ಇಳಿಬಿದ್ದಂತೆ ದೂರಕ್ಕೆ ಕಂಡಿತು. ಹತ್ತಿರ ಬಂದಾಗ ಅದು ಮಲವೆಂದು ಗೊತ್ತಾಯಿತು. ಭೇದಿ ಹತ್ತಿದ ಗಾಯಾಳುಗಳನ್ನು ಹಾಸಿಗೆಯಿಲ್ಲದೆ, ಕದಲಲು ಜಾಗವಿಲ್ಲದೆ, ದಿನಗಟ್ಟಲೆ ಅಟ್ಟದ ಮೇಲೆ ತುಂಬಿ ತಂದಿದ್ದರು. ಕಾರ್ಟರ್ ಕಂಡದ್ದನ್ನು ಕಂಡಂತೆ ವರದಿ ಮಾಡಿದ. ಮೇಲಧಿಕಾರಿಗಳು ಅವನನ್ನೇ ಗದರಿಸಿ, ಹಡಗಿನ ಅಧಿಕಾರ ಕಿತ್ತುಕೊಳ್ಳುವ ಬೆದರಿಕೆ ಹಾಕಿದರು. ಮುಂಬಯಿಗೆ ಹೋದ ಅಧಿಕೃತ ಸುದ್ದಿಯಲ್ಲಿ ಗಾಯಾಳುಗಳ ಸಾಗಣೆ ಚೆನ್ನಾಗಿಯೇ ನಡೆದಿತ್ತು. ಕಾರ್ಟರ್ ಹಿಂದೆ ಸರಿಯಲಿಲ್ಲ. 1917ರಲ್ಲಿ ಮೆಸಪೊಟೇಮಿಯಾ ಕಮಿಷನ್ ತನ್ನ ವರದಿಯಲ್ಲಿ ಅವನ ಸಾಕ್ಷ್ಯವನ್ನು ಪ್ರಕಟಿಸಿತು. ಭಾರತದ ವ್ಯವಹಾರಗಳ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟ.

ದಂಡಿನ ವೈದ್ಯನಿಗೆ ಇಬ್ಬರು ಯಜಮಾನರು: ಒಬ್ಬ ಹುಕುಂ ಕೊಡುವವನು, ಇನ್ನೊಬ್ಬ ನೆಲದ ಮೇಲೆ ಮಲಗಿರುವವನು. ಸಾಮಾನ್ಯ ದಿನಗಳಲ್ಲಿ ಇಬ್ಬರನ್ನೂ ಒಟ್ಟಿಗೆ ಸಂಭಾಳಿಸಬಹುದು. ಬಸ್ರಾದಂಥ ದಿನ ಬಂದಾಗ ಒಬ್ಬನನ್ನು ಆರಿಸಿಕೊಳ್ಳಬೇಕಾಗುತ್ತದೆ. ಲಿಂಡ್ ಕಂಡದ್ದು ಹುಕುಂ ಆಗಲು ಅರ್ಧ ಶತಮಾನ ಹಿಡಿದರೆ, ಕಾರ್ಟರ್ ಕಂಡದ್ದು ಎರಡು ವರ್ಷದೊಳಗೆ ಮಂತ್ರಿಯನ್ನು ಕೆಳಗಿಳಿಸಿತು. ಕಾರಣ ಸರಳ: ಎರಡನೆಯವನು ಸುಮ್ಮನಿರಲು ಒಪ್ಪಲಿಲ್ಲ.

1943ರ ಏಪ್ರಿಲ್ 3ರಂದು ಐಎಂಎಸ್‌ನ ಸೈನಿಕ ಭಾಗ, ಅದರ ಕೆಳದರ್ಜೆಯ ವೈದ್ಯಕೀಯ ಇಲಾಖೆ, ಆಸ್ಪತ್ರೆ ಸಿಬ್ಬಂದಿಯ ದಳ ಎಲ್ಲವನ್ನೂ ಕೂಡಿಸಿ ಇಂದಿನ ಸೇನಾ ವೈದ್ಯಕೀಯ ದಳ ಹುಟ್ಟಿತು. ಸ್ವತಂತ್ರ ಭಾರತ ಅದನ್ನು ಮೊದಲು ದೂರದ ಕಡಲಾಚೆಗೆ ಕಳಿಸಿದ್ದು ಕೊರಿಯಾಕ್ಕೆ, ಬಂದೂಕಿನ ಪಡೆಯಾಗಿ ಅಲ್ಲ, ವೈದ್ಯರ ಪಡೆಯಾಗಿ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರಿನಲ್ಲಿ ಹಡಗಿನಲ್ಲಿ ಪುಸಾನ್ ತಲುಪಿತು. ಪ್ಯೊಂಗ್‌ಯಾಂಗ್‌ನಿಂದ ಸೇನೆಗಳು ಹಿಂದೆ ಸರಿಯುವಾಗ ಔಷಧಿ, ಉಪಕರಣ ಬಿಟ್ಟು ಬರಲೊಪ್ಪದೆ, ಹಳೆಯ ರೈಲು ಎಂಜಿನ್ನಿಗೆ ಬಕೆಟ್ಟಿನಲ್ಲಿ ನೀರು ತುಂಬಿ ಓಡಿಸಿಕೊಂಡು ಬಂದರು. ಪಡೆಯ ಒಂದು ಭಾಗ ಮುಂಚೂಣಿಯಲ್ಲಿ ಸೈನಿಕರನ್ನು ನೋಡಿಕೊಂಡರೆ, ಇನ್ನೊಂದು ಭಾಗ ತೇಗು ನಗರದಲ್ಲಿ ಕೊರಿಯಾದ ಸಾಮಾನ್ಯ ಜನರಿಗೆ ಚಿಕಿತ್ಸೆ ಕೊಟ್ಟಿತು. ಯುದ್ಧ ನಿಂತ ಮೇಲೆ, 1953ರಲ್ಲಿ, ಯುದ್ಧಕೈದಿಗಳ ಭವಿಷ್ಯ ತೀರ್ಮಾನಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ.

ನಮ್ಮ ನಾಡಿನಲ್ಲಿ ಈಗ ದಂಡಿನ ವೈದ್ಯರು ಸಮುದ್ರ, ನೆಲ, ಆಕಾಶ ಮೂರು ಕಡೆಗೂ ಇದ್ದಾರೆ. ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ. 1957ರಲ್ಲಿ ಆರಂಭವಾದ, ವಿಮಾನ ಚಾಲಕರ ಆರೋಗ್ಯವನ್ನು ಅಧ್ಯಯನ ಮಾಡುವ ಸಂಸ್ಥೆಯಿದೆ. ಬೀದರಿನ ವಾಯುನೆಲೆಯಲ್ಲಿ ಹಾರಾಟ ಕಲಿಯುವ ಯುವಕ ಯುವತಿಯರ ಆರೋಗ್ಯದ ನಿಯಮಗಳು ಅಂಥ ಅಧ್ಯಯನದಿಂದಲೇ ಬಂದವು. ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಚ್‌ಎಸ್ ಪತಂಜಲಿ ಎಂಬ ನೌಕಾ ಆಸ್ಪತ್ರೆಯಿದೆ. ಅದು ಕಟ್ಟಿದ್ದು ನೌಕಾಪಡೆಯವರಿಗಾಗಿ. 2020ರಲ್ಲಿ ಕೋವಿಡ್ ಬಂದಾಗ, ಆ ರೋಗದ ಬಗ್ಗೆ ವೈದ್ಯರಿಗೂ ಭಯವಿದ್ದ ಮೊದಲ ವಾರಗಳಲ್ಲೇ, ಉತ್ತರ ಕನ್ನಡ ಜಿಲ್ಲೆಯ ಸಾಮಾನ್ಯ ಜನರನ್ನು ಅಲ್ಲಿ ಸೇರಿಸಿಕೊಂಡು ಗುಣಪಡಿಸಿ ಮನೆಗೆ ಕಳಿಸಿದರು. ಶ್ರೀರಂಗಪಟ್ಟಣದ ಜ್ವರದ ಕಾಲದಲ್ಲಿ ದಂಡು ಜನರನ್ನು ಬಿಟ್ಟು ಎದ್ದುಹೋಗಿತ್ತು. ಕಾರವಾರದಲ್ಲಿ ಅದು ಬಾಗಿಲು ತೆರೆಯಿತು.

ಈ ಎರಡರ ನಡುವಿನ ಇನ್ನೂರು ಚಿಲ್ಲರೆ ವರ್ಷಗಳನ್ನು ನೇರವಾದ ಪ್ರಗತಿಯ ಕಥೆಯೆಂದು ಓದಬೇಕಾಗಿಲ್ಲ. ದಂಡಿನ ವೈದ್ಯ ಎಷ್ಟೋ ಬಾರಿ ಹುಕುಮಿನ ಕೆಳಗೆ ತಲೆತಗ್ಗಿಸಿದ. ಎಷ್ಟೋ ಬಾರಿ ಕಣ್ಣೆದುರಿನದನ್ನೂ ಕಾಣಲಿಲ್ಲ. ಅವನ ಕೆಲಸ ಸಾರ್ಥಕವಾದ ಸಂದರ್ಭಗಳಲ್ಲಿ ಒಂದು ಸಂಗತಿ ಸಾಮಾನ್ಯ: ಅವನು ತನಗೆ ಗೊತ್ತುಪಡಿಸಿದ ಗೋಡೆಯಿಂದ ಹೊರಗೆ ನೋಡಿದ್ದ. ತೊಟ್ಟಿಯ ಕಡೆಗೆ, ಊರಿನ ಬಾವಿಯ ಕಡೆಗೆ, ನದಿಯಲ್ಲಿ ಬರುತ್ತಿದ್ದ ದೋಣಿಯ ಕಡೆಗೆ. ಮಾಡು ಮತ್ತು ದಂಡು ಎರಡಕ್ಕೂ ಛಾವಣಿ ಎಂಬ ಒಂದೇ ಮಾತು ನಮ್ಮಲ್ಲಿದೆ. ದವಾಖಾನೆಯ ಛಾವಣಿ ಎಷ್ಟು ಗಟ್ಟಿ ಎಂಬುದು ಅದರ ಕೆಳಗೆ ಯಾರ್ಯಾರಿಗೆ ಜಾಗವಿದೆ ಎಂಬುದರಿಂದ ತಿಳಿಯುತ್ತದೆ.